ಮನೆಯ ಸರ್ವರ್ ಕಂಪ್ಯೂಟರಿಗೆ ಸಿಗುತ್ತಿಲ್ಲವೇ? ಫೈರ್‌ವಾಲ್ ಆಫ್ ಮಾಡುವ ಮುಂಚೆ ಇದನ್ನೋದಿ

"ವಿಂಡೋಸ್ ಅಪ್‌ಡೇಟ್ ಆದಮೇಲೆ ಮನೆಯ ಸರ್ವರ್ ಓಪನ್ ಆಗ್ತಿಲ್ವಾ? ಚಿಂತೆ ಬಿಡಿ! ಫೈರ್‌ವಾಲ್ ಆಫ್ ಮಾಡಿ, ಎಸ್‌ಎಂಬಿ 1 ಆನ್ ಮಾಡಿ, ಆಗಲೂ ಬರದಿದ್ರೆ ರೂಟರ್ ರಿಸೆಟ್ ಮಾಡಿ. ನೂರಕ್ಕೆ ನೂರು ಕೆಲಸ ಮಾಡುತ್ತೆ. ಎಲ್ಲಾ ಗ್ರೂಪಿಗೂ ಶೇರ್ ಮಾಡಿ."

ಈ ಧಾಟಿಯ ಸಲಹೆಗಳು ವಾಟ್ಸ್‌ಆಪ್ ಗುಂಪುಗಳಲ್ಲೂ ವಿಡಿಯೋಗಳ ಕೆಳಗೂ ಆಗಾಗ ಕಾಣಿಸಿಕೊಳ್ಳುತ್ತವೆ. ಇವು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವಂತೆಯೂ ಇಲ್ಲ. ಹೇಳಿದಂತೆ ಮಾಡಿದರೆ ಕೆಲವೊಮ್ಮೆ ಸರ್ವರ್ ನಿಜಕ್ಕೂ ತೆರೆದುಕೊಳ್ಳುತ್ತದೆ. ತೊಂದರೆ ಇರುವುದೂ ಅಲ್ಲೇ. ಬಾಗಿಲ ಬೀಗ ಕೈಕೊಟ್ಟಿತೆಂದು ಬಾಗಿಲನ್ನೇ ಕಿತ್ತಿಟ್ಟರೆ ನಾವೇನೋ ಒಳಗೆ ಹೋಗುತ್ತೇವೆ, ಆದರೆ ನಮ್ಮ ಹಿಂದೆಯೇ ಬೇರೆಯವರೂ ಬರಬಹುದು. ಮನೆಯ ಸರ್ವರಿನಲ್ಲಿ ಏನಿರುತ್ತದೆ ನೆನಪಿಸಿಕೊಳ್ಳಿ: ಮದುವೆಯ ಫೋಟೋಗಳು, ಮಕ್ಕಳ ವಿಡಿಯೋಗಳು, ಆಸ್ತಿಪತ್ರದ ಸ್ಕ್ಯಾನ್, ಆಧಾರ್ ಪ್ರತಿ, ತೆರಿಗೆ ಲೆಕ್ಕ. ಕಳೆದುಹೋದರೆ ಮತ್ತೆ ಸಿಗದ ವಸ್ತುಗಳೇ ಹೆಚ್ಚು.

ಹಾಗಾದರೆ ಸರ್ವರ್ ಸಿಗದಿದ್ದಾಗ ಏನು ಮಾಡಬೇಕು? ಫಾರ್ವರ್ಡ್‌ನಲ್ಲಿ ಬಂದ ಸಲಹೆಗಳಲ್ಲಿ ಯಾವುದು ಸರಿ, ಯಾವುದು ಅಪಾಯ? ಒಂದೊಂದಾಗಿ ನೋಡೋಣ.

ಮನೆಯ ಸರ್ವರ್ ಎಂದರೇನು?

ಸರ್ವರ್ ಎಂದಕೂಡಲೇ ದೊಡ್ಡ ಕಂಪನಿಗಳ ತಣ್ಣನೆಯ ಕೋಣೆಗಳು ಕಣ್ಣಮುಂದೆ ಬರಬೇಕಿಲ್ಲ. ಬೇರೆ ಸಾಧನಗಳು ಕೇಳಿದ್ದನ್ನು ಒದಗಿಸುವ ಯಾವ ಕಂಪ್ಯೂಟರನ್ನಾದರೂ ಸರ್ವರ್ ಎನ್ನಬಹುದು. ಮೂಲೆಯಲ್ಲಿಟ್ಟ ಹಳೆಯ ಡೆಸ್ಕ್‌ಟಾಪ್, ಅಂಗೈಯಗಲದ ರಾಸ್ಪ್‌ಬೆರಿ ಪೈ, ಎರಡು ಹಾರ್ಡ್‌ಡಿಸ್ಕ್ ಹಾಕಿದ ನ್ಯಾಸ್ ಪೆಟ್ಟಿಗೆ, ಕೊನೆಗೆ ರೂಟರಿನ ಹಿಂಬದಿಗೆ ಚುಚ್ಚಿದ ಪೆನ್‌ಡ್ರೈವ್ ಕೂಡ ಈ ಕೆಲಸ ಮಾಡುತ್ತದೆ. ಮನೆಯವರೆಲ್ಲರ ಕಡತಗಳು ಒಂದೇ ಕಡೆ ಇರುತ್ತವೆ; ಲ್ಯಾಪ್‌ಟಾಪ್, ಟಿವಿ, ಫೋನು ಅಲ್ಲಿಂದ ತೆಗೆದುಕೊಳ್ಳುತ್ತವೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬದಿಗಿಡೋಣ. ಮನೆಯ ಸರ್ವರ್ ಬಳಸಲು ಇಂಟರ್ನೆಟ್ ಬೇಕಿಲ್ಲ. ರೂಟರಿಗೆ ವಿದ್ಯುತ್ ಇದ್ದರೆ ಸಾಕು, ಹೊರಗಿನ ಕೇಬಲ್ ತುಂಡಾಗಿದ್ದರೂ ಮನೆಯೊಳಗಿನ ಸಾಧನಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತವೆ. ಆದ್ದರಿಂದ "ನೆಟ್ ಸ್ಲೋ ಇದೆ, ಅದಕ್ಕೇ ಸರ್ವರ್ ಬರ್ತಿಲ್ಲ" ಎಂಬ ಮಾತು ಸರಿಯಲ್ಲ. ಹಾಗೆಯೇ ಯೂಟ್ಯೂಬ್ ಚೆನ್ನಾಗಿ ಓಡುತ್ತಿದೆ ಎಂದಮಾತ್ರಕ್ಕೆ ಮನೆಯೊಳಗಿನ ಸಂಪರ್ಕ ಸರಿಯಿದೆ ಎಂದೂ ಅರ್ಥವಲ್ಲ.

ಐದು ಪ್ರಶ್ನೆ, ಇದೇ ಕ್ರಮದಲ್ಲಿ

ಪರಿಚಿತರ ಮನೆ ಹುಡುಕಿಕೊಂಡು ಹೋಗುವಾಗ ಏನೇನಾಗುತ್ತದೆ? ಅವರು ಮನೆಯಲ್ಲಿರಬೇಕು. ನಾವು ಸರಿಯಾದ ಬೀದಿಯಲ್ಲಿರಬೇಕು. ಮನೆ ನಂಬರ್ ಗೊತ್ತಿರಬೇಕು. ಬಾಗಿಲು ತೆರೆಯಬೇಕು. ಕೊನೆಗೆ ಅವರು ನಮ್ಮ ಗುರುತು ಹಿಡಿಯಬೇಕು. ಕಂಪ್ಯೂಟರು ಸರ್ವರನ್ನು ತಲುಪುವುದೂ ಹೀಗೆಯೇ. ಈ ಐದರಲ್ಲಿ ಯಾವುದು ತಪ್ಪಿದರೂ ಕಡೆಗೆ ನಮಗೆ ಕಾಣುವುದು "ಸರ್ವರ್ ಓಪನ್ ಆಗ್ತಿಲ್ಲ" ಎಂಬುದೊಂದೇ. ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ತಿಳಿಯದೆ ಸಿಕ್ಕಸಿಕ್ಕ ಸೆಟ್ಟಿಂಗ್ ಬದಲಿಸಿದರೆ ಹಳೆಯ ಸಮಸ್ಯೆಯ ಜೊತೆಗೆ ಹೊಸದೊಂದು ಸೇರಿಕೊಳ್ಳುತ್ತದೆ.

1. ಸರ್ವರ್ ಎಚ್ಚರವಾಗಿದೆಯೇ?

ಮೊದಲು ಪೆಟ್ಟಿಗೆಯ ಬಳಿಗೇ ಹೋಗಿ ನೋಡಿ. ದೀಪ ಉರಿಯುತ್ತಿದೆಯೇ? ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದ ಜಾಗದಲ್ಲಿ ಪುಟ್ಟ ದೀಪ ಮಿನುಗುತ್ತಿದೆಯೇ? ಕೇಬಲ್ಲನ್ನು ಒಮ್ಮೆ ಬಿಚ್ಚಿ, 'ಟಕ್' ಎನ್ನುವವರೆಗೂ ಒತ್ತಿ ಸಿಕ್ಕಿಸಿ. ಹಳೆಯ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿಕೊಂಡಿದ್ದರೆ ಅದು ನಿದ್ರೆಗೆ ಜಾರಿರಬಹುದು; ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಆಯ್ಕೆಯನ್ನು 'ನೆವರ್' ಎಂದು ಬದಲಿಸಬೇಕು.

ಕರೆಂಟು ಹೋಗಿ ಬಂದಮೇಲೆ ಸರ್ವರ್ ಸಿಗುತ್ತಿಲ್ಲ ಎನ್ನುವವರಿಗೆ ಇನ್ನೊಂದು ಕಾರಣವೂ ಇರಬಹುದು. ರೂಟರು ತಾನಾಗಿಯೇ ಚಾಲೂ ಆಗುತ್ತದೆ, ಆದರೆ ಅನೇಕ ಕಂಪ್ಯೂಟರುಗಳು ಯಾರಾದರೂ ಗುಂಡಿ ಒತ್ತುವವರೆಗೆ ಸುಮ್ಮನಿರುತ್ತವೆ. ವಿದ್ಯುತ್ ಮರಳಿದಾಗ ತಾನೇ ಚಾಲೂ ಆಗುವ ಆಯ್ಕೆ ಹಲವು ಕಂಪ್ಯೂಟರುಗಳ ಬಯಾಸ್ ಸೆಟ್ಟಿಂಗ್‌ನಲ್ಲೂ ನ್ಯಾಸ್ ಪೆಟ್ಟಿಗೆಗಳ ಪವರ್ ಸೆಟ್ಟಿಂಗ್‌ನಲ್ಲೂ ಇರುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಫೋನನ್ನೇ ಪರೀಕ್ಷೆಗೆ ಬಳಸಿ. ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈಗೆ ಸೇರಿ, ಫೋನಿನಿಂದ ಸರ್ವರ್ ತೆರೆಯಲು ಪ್ರಯತ್ನಿಸಿ. ಆಂಡ್ರಾಯ್ಡ್‌ನ ಹಲವು ಫೈಲ್ ಮ್ಯಾನೇಜರ್ ಆಪ್‌ಗಳಲ್ಲೂ ಐಫೋನಿನ ಫೈಲ್ಸ್ ಆಪ್‌ನಲ್ಲೂ ಈ ಸೌಲಭ್ಯವಿದೆ. ಫೋನಿಗೆ ಸಿಕ್ಕಿತೇ? ಹಾಗಾದರೆ ಸರ್ವರಿನ ತಂಟೆಗೆ ಹೋಗಬೇಡಿ, ಸಮಸ್ಯೆ ಆ ಒಂದು ಕಂಪ್ಯೂಟರಿನದು. ಯಾವ ಸಾಧನಕ್ಕೂ ಸಿಗುತ್ತಿಲ್ಲವೇ? ಆಗ ಸರ್ವರ್ ಅಥವಾ ರೂಟರಿನ ಕಡೆ ಹುಡುಕಬೇಕು. ಈ ಒಂದು ಪರೀಕ್ಷೆಯಿಂದಲೇ ಹುಡುಕಾಟದ ಅರ್ಧ ದಾರಿ ಸವೆಯುತ್ತದೆ.

2. ಇಬ್ಬರೂ ಒಂದೇ ಬೀದಿಯಲ್ಲಿದ್ದಾರೆಯೇ?

ಒಂದೇ ಮನೆಯಲ್ಲಿದ್ದರೂ ಎರಡು ಸಾಧನಗಳು ಬೇರೆಬೇರೆ ನೆಟ್‌ವರ್ಕ್‌ನಲ್ಲಿರುವುದು ಸಾಮಾನ್ಯ. ಕಾರಣಗಳು ಹೆಚ್ಚಾಗಿ ಈ ನಾಲ್ಕರಲ್ಲಿ ಒಂದಾಗಿರುತ್ತವೆ.

ಮೊದಲನೆಯದು, ಗೆಸ್ಟ್ ವೈಫೈ. ನೆಂಟರಿಗೆ ಇಂಟರ್ನೆಟ್ ಮಾತ್ರ ಸಿಗಲಿ, ಮನೆಯ ಉಳಿದ ಸಾಧನಗಳು ಕಾಣದಿರಲಿ ಎಂದೇ ಅದನ್ನು ರೂಪಿಸಿರುತ್ತಾರೆ. ಲ್ಯಾಪ್‌ಟಾಪ್ ಅದಕ್ಕೆ ಸೇರಿಕೊಂಡಿದ್ದರೆ ಸರ್ವರ್ ಸಿಗದಿರುವುದು ದೋಷವಲ್ಲ, ಅದರ ಕೆಲಸವೇ ಅದು.

ಎರಡನೆಯದು, ಎರಡು ರೂಟರ್. ಫೈಬರ್ ಸಂಪರ್ಕ ಕೊಟ್ಟವರು ಒಂದು ಪೆಟ್ಟಿಗೆ ಹಾಕಿರುತ್ತಾರೆ. ಮಹಡಿಗೆ ಸಿಗ್ನಲ್ ಬರುವುದಿಲ್ಲವೆಂದು ನಾವು ಇನ್ನೊಂದು ರೂಟರ್ ತಂದು ಅದಕ್ಕೆ ಜೋಡಿಸಿರುತ್ತೇವೆ. ಆಗ ಒಂದು ಮನೆಯಲ್ಲಿ ಎರಡು ಬೀದಿಗಳಾಗುತ್ತವೆ. ಒಳಗಿನ ರೂಟರಿನ ಹಿಂದಿರುವ ಸರ್ವರ್ ಹೊರಗಿನ ಪೆಟ್ಟಿಗೆಯ ವೈಫೈನಲ್ಲಿರುವ ಲ್ಯಾಪ್‌ಟಾಪಿಗೆ ಸಿಗುವುದಿಲ್ಲ. ಎರಡನೇ ರೂಟರನ್ನು 'ಆಕ್ಸೆಸ್ ಪಾಯಿಂಟ್' ಮೋಡ್‌ಗೆ ಬದಲಿಸಿದರೆ ಎರಡೂ ಬೀದಿಗಳು ಒಂದಾಗುತ್ತವೆ.

ಮೂರನೆಯದು, ಕಚೇರಿಯ ವಿಪಿಎನ್. ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಚಾಲೂ ಇದ್ದರೆ ಅದು ಎಲ್ಲ ಮಾತುಕತೆಯನ್ನೂ ಕಚೇರಿಯ ಕಡೆಗೆ ತಿರುಗಿಸಬಹುದು. ಪಕ್ಕದ ಮೇಜಿನ ಮೇಲಿರುವ ಸರ್ವರ್ ಆಗ ದೂರವಾಗುತ್ತದೆ. ವಿಪಿಎನ್ ನಿಲ್ಲಿಸಿ ನೋಡಿ.

ನಾಲ್ಕನೆಯದು, ರೂಟರಿನ 'ಎಪಿ ಐಸೊಲೇಷನ್' ಅಥವಾ 'ಕ್ಲಯಂಟ್ ಐಸೊಲೇಷನ್' ಎಂಬ ಆಯ್ಕೆ. ಇದು ಆನ್ ಇದ್ದರೆ ವೈಫೈನಲ್ಲಿರುವ ಸಾಧನಗಳು ಒಂದನ್ನೊಂದು ನೋಡಲಾಗುವುದಿಲ್ಲ.

ಇಲ್ಲೇ ಇನ್ನೊಂದು ಫಾರ್ವರ್ಡ್‌ನ ಮಾತು: "5ಜಿ ವೈಫೈ ಬಿಟ್ಟು ಮಾಮೂಲಿ ವೈಫೈಗೆ ಬನ್ನಿ, ಇಲ್ಲದಿದ್ರೆ ಸರ್ವರ್ ಸಿಗಲ್ಲ." ವೈಫೈ ಹೆಸರಿನ ಕೊನೆಯ '5ಜಿ'ಗೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ, ಅದು 5 ಗಿಗಾಹರ್ಟ್ಸ್ ತರಂಗಾಂತರದ ಸೂಚನೆ ಅಷ್ಟೇ. ಒಂದೇ ರೂಟರಿನ 2.4 ಮತ್ತು 5 ಗಿಗಾಹರ್ಟ್ಸ್ ವೈಫೈಗಳು ಸಾಮಾನ್ಯವಾಗಿ ಒಂದೇ ನೆಟ್‌ವರ್ಕಿನ ಎರಡು ಬಾಗಿಲುಗಳು. ಯಾವುದರಿಂದ ಬಂದರೂ ಸರ್ವರ್ ಸಿಗಬೇಕು.

3. ವಿಳಾಸ ಸರಿಯಿದೆಯೇ?

ನೆಟ್‌ವರ್ಕ್‌ನಲ್ಲಿರುವ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಇರುತ್ತದೆ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ಅಂಡ್ ಇಂಟರ್ನೆಟ್ ವಿಭಾಗದಲ್ಲಿ ನಿಮ್ಮ ವೈಫೈನ ಪ್ರಾಪರ್ಟೀಸ್ ನೋಡಿದರೆ 'ಐಪಿವಿ4 ಅಡ್ರೆಸ್' ಎಂಬ ಸಾಲು ಕಾಣುತ್ತದೆ. ಮನೆಗಳಲ್ಲಿ ಅದು ಹೆಚ್ಚಾಗಿ 192.168 ಎಂದು ಶುರುವಾಗುತ್ತದೆ. ಸರ್ವರಿನ ವಿಳಾಸವನ್ನು ಅದರ ಸೆಟ್ಟಿಂಗ್‌ನಲ್ಲೋ ರೂಟರಿನ ಆಪ್‌ನಲ್ಲಿರುವ ಸಾಧನಗಳ ಪಟ್ಟಿಯಲ್ಲೋ ನೋಡಬಹುದು.

ಎರಡನ್ನೂ ಅಕ್ಕಪಕ್ಕ ಬರೆದುಕೊಳ್ಳಿ. ಬಹುತೇಕ ಮನೆಗಳಲ್ಲಿ ಮೊದಲ ಮೂರು ಸಂಖ್ಯೆಗಳು ಒಂದೇ ಇರಬೇಕು. ಕಂಪ್ಯೂಟರ್ 192.168.1.7, ಸರ್ವರ್ 192.168.1.20 ಎಂದಿದ್ದರೆ ಸರಿ. ಒಂದು 192.168.1, ಇನ್ನೊಂದು 192.168.0 ಎಂದಿದ್ದರೆ ಮೇಲೆ ಹೇಳಿದ ಎರಡು ರೂಟರಿನ ಕಥೆ ಇರಬಹುದು. ವಿಳಾಸ 169.254 ಎಂದು ಶುರುವಾಗಿದ್ದರೆ ಆ ಸಾಧನಕ್ಕೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ, ಕೇಳಿ ಕಾದು ಸಾಕಾಗಿ ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಕೇಬಲ್, ವೈಫೈ ಸಂಪರ್ಕ, ರೂಟರ್ ಇವುಗಳಲ್ಲೊಂದನ್ನು ಸರಿಪಡಿಸಬೇಕು.

ನಿನ್ನೆಯವರೆಗೆ ಸರಿಯಿದ್ದದ್ದು ಇವತ್ತು ಏಕೆ ಕೆಟ್ಟಿತು? ವಿಳಾಸಗಳನ್ನು ಹಂಚುವುದು ರೂಟರ್, ಅದೂ ತಾತ್ಕಾಲಿಕವಾಗಿ. ವಿದ್ಯುತ್ ಹೋಗಿ ಬಂದಾಗ ಸರ್ವರಿಗೆ ಬೇರೆ ನಂಬರ್ ಸಿಗಬಹುದು. ಕಂಪ್ಯೂಟರಿನಲ್ಲಿ ನೀವು ಮಾಡಿಟ್ಟ ಶಾರ್ಟ್‌ಕಟ್ ಮಾತ್ರ ಹಳೆಯ ನಂಬರಿನ ಬಾಗಿಲನ್ನೇ ತಟ್ಟುತ್ತಿರುತ್ತದೆ. ಇದಕ್ಕೆ ಖಾಯಂ ಪರಿಹಾರವಿದೆ: ರೂಟರಿನಲ್ಲಿ 'ಡಿಎಚ್‌ಸಿಪಿ ರಿಸರ್ವೇಷನ್' ಅಥವಾ 'ಅಡ್ರೆಸ್ ರಿಸರ್ವೇಷನ್' ಎಂಬ ಆಯ್ಕೆಯಲ್ಲಿ ಸರ್ವರಿಗೆ ಒಂದು ನಂಬರನ್ನು ಮೀಸಲಿಡುವುದು. ಆಮೇಲೆ ಎಷ್ಟು ಸಲ ಕರೆಂಟು ಹೋದರೂ ಅದೇ ನಂಬರ್ ಸಿಗುತ್ತದೆ.

ಈಗ ಫೈಲ್ ಎಕ್ಸ್‌ಪ್ಲೋರರಿನ ವಿಳಾಸಪಟ್ಟಿಯಲ್ಲಿ ಎರಡು ಹಿಂಬಾಗಿದ ಗೆರೆ ಹಾಕಿ ಸರ್ವರಿನ ನಂಬರ್ ಬರೆಯಿರಿ, ಹೀಗೆ: \\192.168.1.20. ನಂತರ ಎಂಟರ್ ಒತ್ತಿ. ಹೆಸರಿನಿಂದ ಸಿಗದ ಸರ್ವರ್ ನಂಬರಿನಿಂದ ಸಿಕ್ಕಿತೇ? ಸಂಪರ್ಕ ಗಟ್ಟಿಯಾಗಿದೆ, ಹೆಸರು ಹುಡುಕುವ ವ್ಯವಸ್ಥೆ ಮಾತ್ರ ಎಡವಿದೆ. ಆ ನಂಬರನ್ನೇ ಶಾರ್ಟ್‌ಕಟ್ ಮಾಡಿಕೊಂಡರೆ ಕೆಲಸ ಮುಗಿಯಿತು. ಎಕ್ಸ್‌ಪ್ಲೋರರಿನ 'ನೆಟ್‌ವರ್ಕ್' ಪಟ್ಟಿಯಲ್ಲಿ ಸರ್ವರಿನ ಹೆಸರು ಕಾಣದಿದ್ದರೂ ಗಾಬರಿ ಬೇಡ. ಆ ಪಟ್ಟಿಯಲ್ಲಿ ಇಲ್ಲದ ಸರ್ವರಿಗೂ ನೇರವಾಗಿ ಸಂಪರ್ಕಿಸಬಹುದು.

"ಡಿಎನ್‌ಎಸ್ ಅನ್ನು 8.8.8.8 ಎಂದು ಬದಲಿಸಿ" ಎಂಬ ಸಲಹೆಯೂ ಓಡಾಡುತ್ತದೆ. ಅದು ಗೂಗಲ್ ನಡೆಸುವ ಸಾರ್ವಜನಿಕ ಸೇವೆ. ಇಂಟರ್ನೆಟ್ಟಿನ ಜಾಲತಾಣಗಳ ವಿಳಾಸ ಅದಕ್ಕೆ ಗೊತ್ತು. ನಿಮ್ಮ ಮನೆಯ ಮೂಲೆಯಲ್ಲಿರುವ ಪೆಟ್ಟಿಗೆಯ ಹೆಸರು ಅದಕ್ಕೆ ತಿಳಿದಿರುವುದಿಲ್ಲ. ಮನೆಯ ಹೆಸರುಗಳನ್ನು ರೂಟರೇ ಹೇಳುತ್ತಿದ್ದ ಕಡೆ ಈ ಬದಲಾವಣೆಯಿಂದ ಇದ್ದದ್ದೂ ಕೆಡಬಹುದು.

ಪಿಂಗ್ ಪರೀಕ್ಷೆ ಮಾಡುವವರಿಗೆ ಎರಡು ಮಾತು. ಪಿಂಗ್‌ಗೆ ಉತ್ತರ ಬರಲಿಲ್ಲ ಎಂದಮಾತ್ರಕ್ಕೆ ಸರ್ವರ್ ಸತ್ತಿದೆ ಎಂದಲ್ಲ. ಫೈರ್‌ವಾಲ್‌ಗಳು ಪಿಂಗ್‌ಗೆ ಮೌನವಾಗಿರಬಹುದು. ಇನ್ನು, 'ರಿಪ್ಲೈ ಫ್ರಮ್' ಎಂದು ಕಂಡಾಗ ಪೂರ್ತಿ ಸಾಲು ಓದಿ. ಅದರಲ್ಲಿ ನಿಮ್ಮದೇ ಕಂಪ್ಯೂಟರಿನ ನಂಬರ್ ಇದ್ದು, ಮುಂದೆ 'ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್' ಎಂದಿದ್ದರೆ ಅದು ಸರ್ವರಿನ ಉತ್ತರವಲ್ಲ. ಆ ನಂಬರಿನವರು ಯಾರೂ ಇಲ್ಲ ಎಂದು ನಿಮ್ಮ ಕಂಪ್ಯೂಟರೇ ಹೇಳುತ್ತಿದೆ.

4. ಬಾಗಿಲು ತೆರೆದಿದೆಯೇ?

ವಿಳಾಸ ಸರಿಯಿದ್ದೂ ಒಳಗೆ ಬಿಡದಿದ್ದರೆ ಫೈರ್‌ವಾಲ್ ಕಡೆ ನೋಡಬೇಕು. ಫಾರ್ವರ್ಡ್ ಹೇಳುವಂತೆ ಆಫ್ ಮಾಡಬೇಕೇ? ಬೇಡ.

ವಿಂಡೋಸ್ ಪ್ರತಿ ನೆಟ್‌ವರ್ಕನ್ನೂ 'ಪಬ್ಲಿಕ್' ಅಥವಾ 'ಪ್ರೈವೇಟ್' ಎಂದು ಗುರುತಿಸಿಕೊಳ್ಳುತ್ತದೆ. ಬಸ್ ನಿಲ್ದಾಣ, ಹೋಟೆಲು, ಕಾಫಿ ಅಂಗಡಿಗಳ ವೈಫೈ ಪಬ್ಲಿಕ್. ಅಲ್ಲಿ ಕಂಪ್ಯೂಟರು ಮುಸುಕು ಹೊದ್ದು ಕೂರುತ್ತದೆ, ಯಾರಿಗೂ ಕಾಣಿಸಿಕೊಳ್ಳುವುದಿಲ್ಲ. ಮನೆಯ ವೈಫೈ ಪ್ರೈವೇಟ್ ಆಗಿರಬೇಕು. ರೂಟರ್ ಅಥವಾ ವೈಫೈ ಹೆಸರು ಬದಲಿಸಿದಾಗ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದು ತಿಳಿದು ಪಬ್ಲಿಕ್ ಪಟ್ಟಿಗೆ ಸೇರಿಸಬಹುದು. ಸರ್ವರ್ ಆಗಿರುವ ಕಂಪ್ಯೂಟರಿನಲ್ಲಿ ಹೀಗಾದರೆ ಬೇರೆಯವರಿಗೆ ಅದು ಸಿಗುವುದೇ ಇಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಹೀಗಾದರೆ ನೆಟ್‌ವರ್ಕ್ ಪಟ್ಟಿ ಖಾಲಿ ಕಾಣುತ್ತದೆ.

ಪರಿಹಾರ ಸುಲಭ: ಅದೇ ವೈಫೈ ಪ್ರಾಪರ್ಟೀಸ್ ಪುಟದಲ್ಲಿ 'ಪ್ರೈವೇಟ್ ನೆಟ್‌ವರ್ಕ್' ಆರಿಸಿ. ಸರ್ವರ್ ಕಂಪ್ಯೂಟರಿನಲ್ಲಿ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಆನ್ ಇದೆಯೇ ನೋಡಿಕೊಳ್ಳಿ. ಫೈರ್‌ವಾಲ್ ತನ್ನ ಪಾಡಿಗೆ ಕಾವಲು ಕಾಯುತ್ತಿರುತ್ತದೆ, ಮನೆಯವರಿಗೆ ಮಾತ್ರ ದಾರಿ ಬಿಡುತ್ತದೆ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಅದಕ್ಕೂ ತನ್ನದೇ ಫೈರ್‌ವಾಲ್ ಇರಬಹುದು. ಅಲ್ಲೂ ಮನೆಯ ನೆಟ್‌ವರ್ಕನ್ನು ನಂಬಿಕೆಯದು ಎಂದು ಗುರುತಿಸಿ.

5. ಸರ್ವರ್ ನಿಮ್ಮನ್ನು ಗುರುತಿಸುತ್ತಿದೆಯೇ?

ಪರದೆಯ ಮೇಲೆ ಬರುವ ಸಂದೇಶವನ್ನು ಓದದೆ ಮುಚ್ಚುವುದು ನಮ್ಮೆಲ್ಲರ ಅಭ್ಯಾಸ. ಆದರೆ ಸುಳಿವು ಇರುವುದು ಅಲ್ಲಿಯೇ. 'ನೆಟ್‌ವರ್ಕ್ ಪಾತ್ ವಾಸ್ ನಾಟ್ ಫೌಂಡ್' ಎಂದು, 80070035 ಎಂದು ಕೊನೆಯಾಗುವ ಸಂಖ್ಯೆಯ ಜೊತೆ ಬಂದರೆ ನೀವು ಸರ್ವರನ್ನು ತಲುಪಿಲ್ಲ; ಮೊದಲ ನಾಲ್ಕು ಪ್ರಶ್ನೆಗಳಿಗೆ ಮರಳಿ. ಯೂಸರ್ ನೇಮ್, ಪಾಸ್‌ವರ್ಡ್ ಕೇಳುತ್ತಿದೆ ಎಂದರೆ ಅದು ಒಳ್ಳೆಯ ಸುದ್ದಿ. ದಾರಿ, ವಿಳಾಸ, ಬಾಗಿಲು ಎಲ್ಲವೂ ಸರಿಯಿವೆ. ಗುರುತು ಮಾತ್ರ ಬಾಕಿ.

ಗುರುತಿನಲ್ಲಿ ಎಡವುವುದು ಸಾಮಾನ್ಯವಾಗಿ ಹೀಗೆ. ವಿಂಡೋಸ್ ತೆರೆಯಲು ಬಳಸುವ ನಾಲ್ಕಾರು ಅಂಕಿಯ ಪಿನ್ ಆ ಒಂದು ಕಂಪ್ಯೂಟರಿಗೆ ಮಾತ್ರ ಸೇರಿದ್ದು. ನೆಟ್‌ವರ್ಕ್ ಮೂಲಕ ಬರುವಾಗ ಅದು ನಡೆಯುವುದಿಲ್ಲ, ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಸರ್ವರಿನ ಖಾತೆಗೆ ಪಾಸ್‌ವರ್ಡೇ ಇಲ್ಲದಿದ್ದರೂ ಕಷ್ಟ: ಖಾಲಿ ಪಾಸ್‌ವರ್ಡಿನ ಖಾತೆಗೆ ನೆಟ್‌ವರ್ಕ್ ಮೂಲಕ ಬರಲು ವಿಂಡೋಸ್ ಸಹಜವಾಗಿ ಬಿಡುವುದಿಲ್ಲ. ಇನ್ನು, ಸರ್ವರಿನ ಪಾಸ್‌ವರ್ಡ್ ಬದಲಿಸಿದಮೇಲೂ ನಿಮ್ಮ ಕಂಪ್ಯೂಟರು ಹಳೆಯದನ್ನೇ ನೆನಪಿಟ್ಟುಕೊಂಡು ಒಪ್ಪಿಸುತ್ತಿರಬಹುದು. ಕಂಟ್ರೋಲ್ ಪ್ಯಾನಲ್‌ನ 'ಕ್ರೆಡೆನ್ಷಿಯಲ್ ಮ್ಯಾನೇಜರ್'ನಲ್ಲಿ, 'ವಿಂಡೋಸ್ ಕ್ರೆಡೆನ್ಷಿಯಲ್ಸ್' ಅಡಿಯಲ್ಲಿ ಆ ಸರ್ವರಿನ ಹಳೆಯ ನಮೂದನ್ನು ತೆಗೆದು ಮತ್ತೆ ಪ್ರಯತ್ನಿಸಿ.

"ಅಪ್‌ಡೇಟ್ ಆದಮೇಲೆ ಹೀಗಾಯ್ತು" ಎನ್ನುವುದು ನಿಜವೇ?

ಹೌದು, ಇದರಲ್ಲಿ ಸತ್ಯವಿದೆ. ಆದರೆ ಅಪ್‌ಡೇಟ್ ಕಂಪ್ಯೂಟರನ್ನು ಕೆಡಿಸಿತು ಎಂಬ ತೀರ್ಮಾನ ಸರಿಯಲ್ಲ.

ವಿಂಡೋಸ್ ಕಂಪ್ಯೂಟರುಗಳು ಕಡತ ಹಂಚಿಕೊಳ್ಳಲು ಬಳಸುವ ಭಾಷೆಯ ಹೆಸರು ಎಸ್‌ಎಂಬಿ. ಇದರ ಮೊದಲ ರೂಪ ಹುಟ್ಟಿದ್ದು 1980ರ ದಶಕದಲ್ಲಿ, ಐಬಿಎಂ ಸಂಸ್ಥೆಯಲ್ಲಿ. ಅಂದಿನ ಕಾಲಕ್ಕೆ ಅದು ಸಾಕಿತ್ತು; ಇಂದಿನ ಕಳ್ಳರ ಅಂದಾಜು ಅದನ್ನು ರೂಪಿಸಿದವರಿಗೆ ಇರಲಿಲ್ಲ. 2017ರ ಮೇ 12ರಂದು 'ವಾನಾಕ್ರೈ' ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಹಬ್ಬಲಾರಂಭಿಸಿತು. ಕಡತಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳುವುದು ಅದರ ಕೆಲಸ. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ದೋಷದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಜಿಗಿಯುತ್ತಿತ್ತು. 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಇದರ ಹಿಡಿತಕ್ಕೆ ಸಿಕ್ಕವೆಂದು ಯೂರೋಪೋಲ್ ಅಂದಾಜಿಸಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಆ ದೋಷ ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್‌ನಲ್ಲೇ ಕೊಟ್ಟಿತ್ತು. ಪೆಟ್ಟು ತಿಂದವರು ಅದನ್ನು ಹಾಕಿಕೊಳ್ಳದವರು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ 1 ಅನ್ನು ಹೊಸ ಕಂಪ್ಯೂಟರುಗಳಲ್ಲಿ ಹಾಕುವುದನ್ನೇ ನಿಲ್ಲಿಸಲಾಯಿತು. ಲಿನಕ್ಸ್ ಸರ್ವರುಗಳಲ್ಲಿ ಇದೇ ಕೆಲಸ ಮಾಡುವ ಸಾಂಬಾ ತಂತ್ರಾಂಶವೂ 2019ರ 4.11ನೇ ಆವೃತ್ತಿಯಿಂದ ಅದನ್ನು ಆಫ್ ಮಾಡಿತು. ಫಾರ್ವರ್ಡ್ ಸಂದೇಶ "ಆನ್ ಮಾಡಿ" ಎನ್ನುತ್ತಿರುವುದು ಇದನ್ನೇ.

2024ರಲ್ಲಿ ಬಂದ ವಿಂಡೋಸ್ 11ರ '24ಎಚ್2' ಆವೃತ್ತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರೊ ಆವೃತ್ತಿಯಲ್ಲೂ ಪಾಸ್‌ವರ್ಡ್ ಇಲ್ಲದೆ 'ಗೆಸ್ಟ್' ಆಗಿ ಸರ್ವರಿಗೆ ಹೋಗುವುದನ್ನು ನಿಲ್ಲಿಸಿತು. ಮಾತುಕತೆಗೆ ಡಿಜಿಟಲ್ ಸಹಿ ಇರಲೇಬೇಕೆಂದಿತು. ಹಾಗಾಗಿ ವರ್ಷಗಳಿಂದ ಪಾಸ್‌ವರ್ಡ್ ಇಲ್ಲದೆ ತೆರೆಯುತ್ತಿದ್ದ ಮನೆಯ ನ್ಯಾಸ್ ಒಂದು ಬೆಳಿಗ್ಗೆ ತೆರೆಯಲಿಲ್ಲ. ಪರದೆಯ ಮೇಲೆ 'ನಿಮ್ಮ ಸಂಸ್ಥೆಯ ಭದ್ರತಾ ನೀತಿ ಗೆಸ್ಟ್ ಪ್ರವೇಶವನ್ನು ತಡೆಯುತ್ತಿದೆ' ಎಂಬ ಅರ್ಥದ ಇಂಗ್ಲಿಷ್ ಸಂದೇಶ ಬಂತು. ನಮ್ಮ ಮನೆಗೆ ಯಾವ ಸಂಸ್ಥೆ, ಯಾವ ನೀತಿ ಎಂದು ತಲೆಕೆರೆದುಕೊಂಡವರು ಬಹಳ. ಕಂಪ್ಯೂಟರ್ ಹ್ಯಾಕ್ ಆಗಿದೆ ಎಂದು ಹೆದರಬೇಕಿಲ್ಲ. ಮೈಕ್ರೋಸಾಫ್ಟ್ ಎಲ್ಲರಿಗೂ ಒಂದೇ ವಾಕ್ಯ ಬರೆದಿದೆ ಅಷ್ಟೇ.

ಇದಕ್ಕೆ ಸರಿಯಾದ ಪರಿಹಾರ ಐದು ನಿಮಿಷದ್ದು. ಸರ್ವರಿನಲ್ಲಿ ನಿಮ್ಮ ಹೆಸರಿನ ಒಂದು ಖಾತೆ ತೆರೆದು, ಪಾಸ್‌ವರ್ಡ್ ಇಟ್ಟು, ಅದರಿಂದ ಲಾಗಿನ್ ಆಗಿ. ನ್ಯಾಸ್ ಅಥವಾ ರೂಟರಿನ ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಅದರ ಸೆಟ್ಟಿಂಗ್‌ನಲ್ಲಿ ಎಸ್‌ಎಂಬಿ 2 ಅಥವಾ 3 ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿ. ತೀರಾ ಹಳೆಯ ಪೆಟ್ಟಿಗೆಗೆ ಎಸ್‌ಎಂಬಿ 1 ಬಿಟ್ಟು ಬೇರೇನೂ ಬರುವುದಿಲ್ಲವಾದರೆ, ಅದರಲ್ಲಿರುವುದನ್ನು ಬೇರೆಡೆ ನಕಲು ಮಾಡಿಕೊಂಡು ಅದಕ್ಕೆ ನಿವೃತ್ತಿ ಕೊಡುವುದೇ ಲೇಸು. ಅದೊಂದರ ಸಲುವಾಗಿ ಮನೆಯ ಎಲ್ಲ ಕಂಪ್ಯೂಟರುಗಳ ಭದ್ರತೆ ಇಳಿಸುವುದು ದುಬಾರಿ ವ್ಯಾಪಾರ.

"ಮನೆಯೊಳಗಿನ ಮಾತಲ್ಲವೇ, ಪಾಸ್‌ವರ್ಡ್ ಏಕೆ?" ಎನ್ನಬಹುದು. ಗೆಸ್ಟ್ ಪ್ರವೇಶವಿರುವ ಸರ್ವರನ್ನು ನಿಮ್ಮ ವೈಫೈಗೆ ಸೇರಿದ ಯಾವ ಸಾಧನವೂ ತೆರೆಯಬಹುದು. ಅದರಲ್ಲಿ ಪಕ್ಕದ ಮನೆಯ ಹುಡುಗನ ಫೋನೂ ಇರಬಹುದು, ವೈರಸ್ ತಗುಲಿದ ನಿಮ್ಮದೇ ಲ್ಯಾಪ್‌ಟಾಪೂ ಇರಬಹುದು.

ಈ ನಾಲ್ಕನ್ನು ಖಂಡಿತ ಮಾಡಬೇಡಿ

ರೂಟರನ್ನು ರಿಸೆಟ್ ಮಾಡಬೇಡಿ. ರೀಸ್ಟಾರ್ಟ್ ಬೇರೆ, ರಿಸೆಟ್ ಬೇರೆ. ಸ್ವಿಚ್ ಆಫ್ ಮಾಡಿ ಆನ್ ಮಾಡುವ ರೀಸ್ಟಾರ್ಟ್‌ನಿಂದ ಹಾನಿಯಿಲ್ಲ, ಎಷ್ಟೋ ಸಲ ಕೆಲಸವೂ ಆಗುತ್ತದೆ. ಮೊದಲು ರೂಟರ್, ಎರಡು ನಿಮಿಷ ಬಿಟ್ಟು ಸರ್ವರ್, ಆಮೇಲೆ ಕಂಪ್ಯೂಟರ್ ಎಂಬ ಕ್ರಮ ಪಾಲಿಸಿ. ಪಿನ್ನಿನಿಂದ ಚುಚ್ಚುವ ಸಣ್ಣ ರಂಧ್ರದ ರಿಸೆಟ್ ಮಾತ್ರ ವೈಫೈ ಹೆಸರು, ಪಾಸ್‌ವರ್ಡ್, ಕೆಲವು ಸಂಪರ್ಕಗಳಲ್ಲಿ ಇಂಟರ್ನೆಟ್ ಕಂಪನಿ ತುಂಬಿದ ಲಾಗಿನ್ ವಿವರ, ಎಲ್ಲವನ್ನೂ ಅಳಿಸುತ್ತದೆ. ಸರ್ವರಿನ ಜೊತೆ ಇಂಟರ್ನೆಟ್ಟೂ ಹೋಗಿ ಲೈನ್‌ಮನ್‌ಗೆ ಕಾಯಬೇಕಾಗುತ್ತದೆ.

ನ್ಯಾಸ್‌ನ ಡಿಸ್ಕ್ ತೆಗೆದು ವಿಂಡೋಸ್ ಕಂಪ್ಯೂಟರಿಗೆ ಹಾಕಿ 'ಫಾರ್ಮ್ಯಾಟ್' ಒತ್ತಬೇಡಿ. ಅನೇಕ ನ್ಯಾಸ್ ಪೆಟ್ಟಿಗೆಗಳು ಲಿನಕ್ಸ್ ಶೈಲಿಯಲ್ಲಿ ಕಡತಗಳನ್ನು ಜೋಡಿಸುತ್ತವೆ. ವಿಂಡೋಸ್‌ಗೆ ಆ ಜೋಡಣೆ ನೇರವಾಗಿ ಅರ್ಥವಾಗದೆ, ಬಳಸಬೇಕಾದರೆ ಫಾರ್ಮ್ಯಾಟ್ ಮಾಡಿ ಅಥವಾ ಇನಿಷಿಯಲೈಸ್ ಮಾಡಿ ಎನ್ನುತ್ತದೆ. ಡಿಸ್ಕ್ ಕೆಟ್ಟಿರುವುದಿಲ್ಲ, ಫೋಟೋಗಳೆಲ್ಲ ಒಳಗೇ ಇರುತ್ತವೆ. ಹೂಂ ಎಂದು ಒತ್ತಿದ ಕ್ಷಣದಿಂದ ಅವು ಕೈತಪ್ಪುತ್ತವೆ.

ಹೊರಗಿನಿಂದ ಸರ್ವರ್ ತೆರೆಯಲೆಂದು ರೂಟರಿನಲ್ಲಿ 'ಪೋರ್ಟ್ ಫಾರ್ವರ್ಡಿಂಗ್' ಮಾಡಿ 445ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯಬೇಡಿ. ಎಸ್‌ಎಂಬಿ ಬಳಸುವ ಬಾಗಿಲು ಅದೇ. ಹೀಗೆ ಬೇರೆಬೇರೆ ಪೋರ್ಟ್‌ಗಳ ಮೂಲಕ ಹೊರಜಗತ್ತಿಗೆ ತೆರೆದಿಟ್ಟ ನ್ಯಾಸ್ ಪೆಟ್ಟಿಗೆಗಳನ್ನೇ ಹುಡುಕಿ 2022ರಲ್ಲಿ 'ಡೆಡ್‌ಬೋಲ್ಟ್' ಎಂಬ ರ‍್ಯಾನ್ಸಮ್‌ವೇರ್ ದಾಳಿ ಮಾಡಿತ್ತು. ಹೊರಗಿನಿಂದ ಬೇಕೇ ಬೇಕೆಂದರೆ ಮನೆಯ ರೂಟರ್ ಅಥವಾ ನ್ಯಾಸ್‌ನಲ್ಲಿರುವ ವಿಪಿಎನ್ ಸೌಲಭ್ಯ ಬಳಸಿ.

ಗೂಗಲ್‌ನಲ್ಲಿ ಸಿಕ್ಕ 'ಕಸ್ಟಮರ್ ಕೇರ್' ನಂಬರಿಗೆ ಕರೆ ಮಾಡಿ, ಅವರು ಹೇಳಿದ ಸ್ಕ್ರೀನ್ ಹಂಚಿಕೆಯ ಆಪ್ ಹಾಕಿಕೊಳ್ಳಬೇಡಿ. ಸರ್ವರ್ ಸರಿಮಾಡುವ ನೆಪದಲ್ಲಿ ಬ್ಯಾಂಕ್ ಖಾತೆಗೆ ಕೈಹಾಕುವವರಿದ್ದಾರೆ. ಪೆಟ್ಟಿಗೆಯ ಮೇಲೋ ಕಂಪನಿಯ ಅಧಿಕೃತ ತಾಣದಲ್ಲೋ ಇರುವ ನಂಬರನ್ನಷ್ಟೇ ನಂಬಿ. ಹಣ ಹೋಗಿದ್ದರೆ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸರ್ವರ್ ಮತ್ತೆ ಸಿಕ್ಕಿತು. ಮುಂದೇನು?

ಅಂದೇ ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ ಮುಖ್ಯ ಕಡತಗಳನ್ನು ನಕಲು ಮಾಡಿ, ಬಿಚ್ಚಿ ಬೀರುವಿನಲ್ಲಿಡಿ. ಸರ್ವರಿನಲ್ಲಿ ಎರಡು ಡಿಸ್ಕ್ ಇವೆ, ಒಂದು ಹೋದರೆ ಇನ್ನೊಂದಿದೆ ಎಂಬ ಧೈರ್ಯ ಸಾಲದು. ಒಂದು ಡಿಸ್ಕ್ ಕೆಟ್ಟಾಗ ಅದು ಕಾಪಾಡೀತು. ಕಡತ ಅಳಿಸಿದರೆ, ವೈರಸ್ ಬೀಗ ಹಾಕಿದರೆ, ಸಿಡಿಲಿಗೆ ಪೆಟ್ಟಿಗೆಯೇ ಸುಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ ಎಂಬ ಹಳೆಯ ನಿಯಮ ಇಂದಿಗೂ ಒಳ್ಳೆಯದೇ. ಸರ್ವರಿನ ನಂಬರ್ ಮತ್ತು ಯೂಸರ್ ನೇಮನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ, ಪಾಸ್‌ವರ್ಡನ್ನು ಮಾತ್ರ ಬೇರೆ ಕಡೆ ಜೋಪಾನವಾಗಿಡಿ. ನೀವು ಊರಲ್ಲಿಲ್ಲದಾಗ ಮನೆಯವರಿಗೆ ಅದು ಬೇಕಾಗುತ್ತದೆ.

ನಮ್ಮ ತೀರ್ಮಾನ: ಅಪ್‌ಡೇಟ್ ನಂತರ ಮನೆಯ ಸರ್ವರ್ ಸಿಗದಿರಬಹುದು ಎಂಬುದು ನಿಜ. ಅದಕ್ಕೆ ಫೈರ್‌ವಾಲ್ ಆಫ್ ಮಾಡಬೇಕು, ಎಸ್‌ಎಂಬಿ 1 ಆನ್ ಮಾಡಬೇಕು, ರೂಟರ್ ರಿಸೆಟ್ ಮಾಡಬೇಕು ಎಂಬುದು ತಪ್ಪು ಮತ್ತು ಅಪಾಯಕಾರಿ.

ಗುಂಪಿಗೆ ಏನಾದರೂ ಕಳಿಸಲೇಬೇಕೆಂದಿದ್ದರೆ ಇದನ್ನು ಕಳಿಸಿ: "ಮನೆಯ ಸರ್ವರ್ ಸಿಗ್ತಿಲ್ವಾ? ದೀಪ ನೋಡಿ. ಫೋನಿನಲ್ಲಿ ಸಿಗುತ್ತಾ ನೋಡಿ. ಎರಡೂ ಒಂದೇ ವೈಫೈನಲ್ಲಿವೆಯಾ ನೋಡಿ. ಹೆಸರಿನ ಬದಲು ನಂಬರ್ ಹಾಕಿ ನೋಡಿ. ನೆಟ್‌ವರ್ಕ್ ಪ್ರೈವೇಟ್ ಅಂತ ಇದೆಯಾ ನೋಡಿ. ಪಾಸ್‌ವರ್ಡ್ ಇಟ್ಟ ಖಾತೆಯಿಂದ ಲಾಗಿನ್ ಆಗಿ. ಏನನ್ನೂ ಫಾರ್ಮ್ಯಾಟ್ ಮಾಡಬೇಡಿ."